ಮಾಲ್ಡೀವ್ಸ್ ರೆಸಾರ್ಟ್ ಬುಕ್ ಮಾಡುವ ಮುಂಚೆ ಆ ರೇಟನ್ನು ಓದುವುದು ಹೇಗೆ

ಮೊದಲು ನನ್ನ ಪಜೀತಿ ಹೇಳಿಬಿಡುತ್ತೇನೆ, ಉಪದೇಶ ಆಮೇಲೆ. ಮೊದಲ ಸಲ ಮಾಲ್ಡೀವ್ಸ್‌ಗೆ ಹೊರಟಾಗ ಫೋಟೊ ನೋಡಿ ರೆಸಾರ್ಟ್ ಆರಿಸಿದೆ. ರೇಟು ನೋಡಿ ಪರವಾಗಿಲ್ಲವೇ ಅಂದುಕೊಂಡೆ. ಅಗ್ಗದ ವಿಮಾನ ಹುಡುಕಿ ಟಿಕೆಟ್ ಮಾಡಿಸಿದೆ. ರಾಜಧಾನಿ ಮಾಲೆಯಲ್ಲಿ ಇಳಿದಾಗ ಸಂಜೆ ನಾಲ್ಕೂವರೆ. ಕೌಂಟರಿನ ಹುಡುಗ ನಗುನಗುತ್ತಲೇ ಹೇಳಿದ, ಸೀಪ್ಲೇನ್ (ರೆಸಾರ್ಟ್ ದ್ವೀಪಕ್ಕೆ ಒಯ್ಯುವ, ನೀರಿನ ಮೇಲೆ ಇಳಿಯುವ ವಿಮಾನ) ಇವತ್ತಿಗೆ ಮುಗಿಯಿತು, ನಾಳೆ ಬೆಳಿಗ್ಗೆ ಬನ್ನಿ. ಆ ರಾತ್ರಿ ವಿಮಾನ ನಿಲ್ದಾಣದ ಪಕ್ಕದ ಹುಲ್ಹುಮಾಲೆಯಲ್ಲಿ ಸ್ವಂತ ಖರ್ಚಿನ ಲಾಡ್ಜು. ರೆಸಾರ್ಟ್‌ನವರು ಆ ರಾತ್ರಿಯ ಬಾಡಿಗೆಯನ್ನೂ ಬಿಡಲಿಲ್ಲ, ರೂಮು ನಿಮಗಾಗಿಯೇ ಖಾಲಿ ಇಟ್ಟಿದ್ದೆವು ಅಂದರು. ಹೆಸರು ಬೇಡ ಬಿಡಿ. ಕೊನೆಯಲ್ಲಿ ಕೈಗೆ ಬಂದ ಬಿಲ್ಲು ನಾನು ಅಂದಾಜು ಮಾಡಿದ್ದರ ಎರಡರಷ್ಟಕ್ಕೂ ಜಾಸ್ತಿ ಇತ್ತು.

ಒಂದು ತಮಾಷೆ ನೋಡಿ. ನಾವು 'ಕವಡೆ ಕಾಸಿನ ಕಿಮ್ಮತ್ತಿಲ್ಲ' ಅಂತ ಬೈಯುತ್ತೇವಲ್ಲ, ಆ ಕವಡೆ ದುಡ್ಡಾಗಿ ಓಡಾಡುತ್ತಿದ್ದ ಕಾಲದಲ್ಲಿ ಅದರ ದೊಡ್ಡ ಗಣಿ ಈ ಮಾಲ್ಡೀವ್ಸೇ. ಹಡಗುಗಟ್ಟಲೆ ಕವಡೆ ಅಲ್ಲಿಂದ ಬಂಗಾಳಕ್ಕೆ ಹೋಗುತ್ತಿತ್ತು. ಈಗ ಅದೇ ಮರಳಿನ ಮೇಲೆ ಒಂದು ರಾತ್ರಿ ಮಲಗಲು ಡಾಲರ್ ಎಣಿಸಬೇಕು.

ಹಾಗಾದರೆ ರೇಟು ಓದುವುದು ಹೇಗೆ? ಅದಕ್ಕೆ ರೆಸಾರ್ಟ್ ಕಂಪನಿಗಳು ವ್ಯಾಪಾರ ಹೇಗೆ ಮಾಡುತ್ತವೆ ಅಂತ ಸ್ವಲ್ಪ ಗೊತ್ತಿರಬೇಕು. ನನಗೆ ಅದು ಗೊತ್ತಾಗಲು ಒಂದು ರಜೆ ಹಾಳಾಯಿತು. ನಿಮಗೆ ಹತ್ತು ನಿಮಿಷ ಸಾಕು.

ಮೊದಲು ಬಂದವರು ಎಲ್ಲಿ ಕೂತರು ನೋಡಿ

1960ರ ದಶಕದಲ್ಲಿ ವಿಶ್ವಸಂಸ್ಥೆಯ ಕಡೆಯಿಂದ ಬಂದವರು ಈ ದ್ವೀಪಗಳನ್ನು ನೋಡಿ, ಇಲ್ಲಿ ಪ್ರವಾಸೋದ್ಯಮ ಆಗುವ ಮಾತಲ್ಲ ಅಂದಿದ್ದರಂತೆ. ಬ್ಯಾಂಕಿಲ್ಲ, ಫೋನಿಲ್ಲ, ಸರಿಯಾದ ವಿಮಾನ ನಿಲ್ದಾಣವಿಲ್ಲ. ಅವರು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಆದರೆ ಜಾರ್ಜ್ ಕಾರ್ಬಿನ್ ಅನ್ನುವ ಇಟಲಿಯ ಟ್ರಾವೆಲ್ ಏಜೆಂಟ್ ಒಬ್ಬರು ಕೊಲಂಬೊದಲ್ಲಿ ಮಾಲ್ಡೀವ್ಸ್ ರಾಯಭಾರ ಕಚೇರಿಯ ಅಹ್ಮದ್ ನಸೀಮ್ ಅವರನ್ನು ಭೇಟಿಯಾದರು, ಸರಕು ಹಡಗು ಹತ್ತಿ ಬಂದು ಜಾಗ ನೋಡಿದರು. 1972ರ ಫೆಬ್ರವರಿಯಲ್ಲಿ ಇಟಲಿಯವರ ಮೊದಲ ಗುಂಪನ್ನು ಕರೆತಂದರು. ಅವರೆಲ್ಲ ಮಾಲೆಯ ಮನೆಗಳಲ್ಲಿ ಉಳಿದರು, ಯಾಕೆಂದರೆ ಹೋಟೆಲ್ಲೇ ಇರಲಿಲ್ಲ.

ಅದೇ ವರ್ಷ ಅಕ್ಟೋಬರ್ 3ಕ್ಕೆ ವಿಹಮನಾಫುಶಿ ಎಂಬ ದ್ವೀಪದಲ್ಲಿ ಕುರುಂಬಾ ಶುರುವಾಯಿತು. ಇಡೀ ದೇಶದ ಮೊದಲ ರೆಸಾರ್ಟ್. ಮೂವತ್ತು ರೂಮು, ಹವಳದ ಕಲ್ಲಿನ ಗೋಡೆ, ಗರಿಯ ಸೂರು, ಸ್ನಾನಕ್ಕೆ ಉಪ್ಪುಪ್ಪು ನೀರು. ದಿವೇಹಿ ಭಾಷೆಯಲ್ಲಿ ಕುರುಂಬಾ ಅಂದರೆ ಎಳನೀರಿನ ಕಾಯಿ, ಹೆಸರಿಟ್ಟವರಿಗೆ ಒಂದು ನಮಸ್ಕಾರ. ಅದನ್ನು ನಡೆಸುವುದು ಎಂ. ಯು. ಮಣಿಕು ಮತ್ತು ಗೆಳೆಯರು ಕಟ್ಟಿದ ಯೂನಿವರ್ಸಲ್ ಕಂಪನಿ. ಇವತ್ತಿಗೂ ಅವರದ್ದೇ. 1973ರಲ್ಲಿ ಬಾರೋಸ್, 1977ರಲ್ಲಿ ಕುರಮಾಥಿ, ಹೀಗೆ ಒಂದೊಂದೇ ದ್ವೀಪ ಸೇರಿಸುತ್ತಾ ಹೋದರು. ಹಿಂದೆ ಲಗೂನಾ ಅಂತ ಇದ್ದ ಈಗಿನ ವೆಲಸ್ಸಾರು ಕೂಡ ಅವರದ್ದೇ. ಕುರುಂಬಾ ಹುಟ್ಟಿದ ವರ್ಷವೇ ಪಕ್ಕದಲ್ಲಿ ಬಂಡೋಸ್ ಕೂಡ ಶುರುವಾಯಿತು, ಅದು ಬೇರೆಯವರದ್ದು.

ಈ ಇತಿಹಾಸ ಯಾಕೆ ಹೇಳಿದೆ ಅಂದರೆ, ಮ್ಯಾಪ್ ತೆಗೆದು ಈ ಹೆಸರುಗಳನ್ನು ಹುಡುಕಿ. ಕುರುಂಬಾ, ಬಂಡೋಸ್, ಬಾರೋಸ್, ವೆಲಸ್ಸಾರು ಎಲ್ಲವೂ ವಿಮಾನ ನಿಲ್ದಾಣದ ಸುತ್ತಲೇ ಇವೆ. ಆಗ ಸೀಪ್ಲೇನ್ ಇರಲಿಲ್ಲ, ಅದು ಬಂದಿದ್ದು 1990ರ ದಶಕದಲ್ಲಿ. ಇದ್ದಿದ್ದು ಧೋಣಿ. ಹೌದು, ಅಲ್ಲಿಯೂ ದೋಣಿಗೆ ಹೆಚ್ಚುಕಡಿಮೆ ಅದೇ ಹೆಸರು. ಹುಲ್ಹುಲೆ ದ್ವೀಪದ ರನ್‌ವೇಯಿಂದ ಧೋಣಿಯಲ್ಲಿ ಹೋಗಿ ಮುಟ್ಟಬಹುದಾದ ಕಡೆ ಮಾತ್ರ ರೆಸಾರ್ಟ್ ಕಟ್ಟಲು ಸಾಧ್ಯವಿತ್ತು. ಹಾಗಾಗಿ ಹಳೇ ಕಂಪನಿಗಳ ಕೈಯಲ್ಲಿ ಹತ್ತಿರದ ದ್ವೀಪಗಳು ಉಳಿದವು. ತಡವಾಗಿ ಬಂದವರು ದೂರ ಹೋದರು, ಅಥವಾ ಸಮುದ್ರಕ್ಕೆ ಮರಳು ಸುರಿದು ಹೊಸ ದ್ವೀಪವನ್ನೇ ಮಾಡಿಕೊಂಡರು.

ಕುರುಂಬಾಕ್ಕೆ ನಿಲ್ದಾಣದಿಂದ ಸ್ಪೀಡ್‌ಬೋಟಿನಲ್ಲಿ ಹತ್ತು ನಿಮಿಷ. ಬಾರೋಸ್‌ಗೆ ಅರ್ಧ ಗಂಟೆಯೊಳಗೆ. ರಾತ್ರಿ ಹನ್ನೊಂದಕ್ಕೆ ಇಳಿದರೂ ಬೋಟು ಕಾಯುತ್ತದೆ. ನಾಲ್ಕು ದಿನದ ಪ್ರವಾಸಕ್ಕೆ ಇದಕ್ಕಿಂತ ದೊಡ್ಡ ಅನುಕೂಲ ಇಲ್ಲ, ಆದರೆ ಯಾವ ಫೋಟೊದಲ್ಲೂ ಇದು ಕಾಣಿಸುವುದಿಲ್ಲ.

ನೀವು ರೂಮಿಗೆ ದುಡ್ಡು ಕೊಡುತ್ತಿಲ್ಲ, ಊರಿಗೆ ಕೊಡುತ್ತಿದ್ದೀರಿ

ಮಾಲ್ಡೀವ್ಸ್‌ನಲ್ಲಿ ಸುಮಾರು 1,200 ದ್ವೀಪಗಳು. ಜನ ವಾಸಿಸುವುದು ಸುಮಾರು 200ರಲ್ಲಿ ಅಷ್ಟೇ. ರೆಸಾರ್ಟ್‌ಗಳು 170ಕ್ಕೂ ಹೆಚ್ಚು, ಸಾಮಾನ್ಯವಾಗಿ ಒಂದು ದ್ವೀಪಕ್ಕೆ ಒಂದೇ. ದ್ವೀಪ ಸರ್ಕಾರದ್ದು. ಕಂಪನಿ ಅದನ್ನು ದಶಕಗಳ ಕಾಲಕ್ಕೆ ಗುತ್ತಿಗೆ ಹಿಡಿದು ಬಾಡಿಗೆ ಕಟ್ಟುತ್ತದೆ.

ಗುತ್ತಿಗೆ ಸಿಕ್ಕ ಮೇಲೆ ಅಲ್ಲಿ ಏನಿದೆ? ಮರ, ಮರಳು, ಅಷ್ಟೇ. ಕರೆಂಟಿಗೆ ಡೀಸೆಲ್ ಜನರೇಟರ್ ಅವರೇ ಇಟ್ಟುಕೊಳ್ಳಬೇಕು. ಕುಡಿಯುವ ನೀರಿಗೆ ಸಮುದ್ರದ ನೀರಿನ ಉಪ್ಪು ತೆಗೆಯುವ ಯಂತ್ರ. ಕೊಳಚೆ, ಕಸ, ಬೆಂಕಿ ನಂದಿಸುವ ವ್ಯವಸ್ಥೆ, ಡಾಕ್ಟರ್, ಬಟ್ಟೆ ಒಗೆಯುವ ಕಾರ್ಖಾನೆ, ನೂರಾರು ನೌಕರರಿಗೆ ಮನೆ, ಊಟ, ಮಸೀದಿ. ಮೀನು ಮತ್ತು ತೆಂಗಿನಕಾಯಿ ಬಿಟ್ಟರೆ ಅಡುಗೆಮನೆಗೆ ಬರುವ ಹೆಚ್ಚಿನದ್ದು ಹೊರದೇಶದ್ದು. ಈರುಳ್ಳಿ, ಅಕ್ಕಿ, ಮೊಟ್ಟೆ ಎಷ್ಟೋ ಸಲ ನಮ್ಮ ದೇಶದಿಂದಲೇ ಹೋಗಿರುತ್ತವೆ. ಅವು ಮೊದಲು ಮಾಲೆಗೆ, ಅಲ್ಲಿಂದ ಮತ್ತೊಂದು ಬೋಟು ಹತ್ತಿ ದ್ವೀಪಕ್ಕೆ ಬರಬೇಕು. ಒಂದು ಮಸಾಲೆ ದೋಸೆಗೆ ಯಾಕಪ್ಪಾ ಇಷ್ಟು ಅಂತ ಮೆನು ನೋಡಿ ಬೈಯುವ ಮುಂಚೆ ಇದನ್ನು ನೆನಪಿಸಿಕೊಳ್ಳಿ. ಬೈದರೂ ತಪ್ಪಿಲ್ಲ, ನಾನೂ ಬೈದಿದ್ದೇನೆ.

ಇದರಿಂದ ನಮಗೆ ತಿಳಿಯಬೇಕಾದ್ದು ಏನೆಂದರೆ, ಅಲ್ಲಿ ಕಾಲಿಟ್ಟ ಮೇಲೆ ನಿಮಗೆ ಬೇರೆ ಅಂಗಡಿ ಇಲ್ಲ. ಪಕ್ಕದ ಬೀದಿಯ ಹೋಟೆಲ್ ಇಲ್ಲ, ಪಕ್ಕದ ಬೀದಿಯೇ ಇಲ್ಲ. ಆದ್ದರಿಂದ ರೂಮಿನ ರೇಟು ಕಡಿಮೆ ತೋರಿಸಿ ಉಳಿದದ್ದನ್ನು ಊಟ, ಬೋಟು, ಸ್ಪಾದಲ್ಲಿ ವಸೂಲಿ ಮಾಡುವ ದಾರಿ ಕಂಪನಿಗೆ ಯಾವಾಗಲೂ ತೆರೆದಿರುತ್ತದೆ. ಚೌಕಾಸಿ ಏನಿದ್ದರೂ ಮನೆಯಲ್ಲಿ ಕೂತಾಗಲೇ ಮುಗಿಸಬೇಕು.

ಈಗ ಪೆನ್ನು ತೆಗೆದುಕೊಳ್ಳಿ

ರೇಟಿನ ಪಕ್ಕ ಎರಡು ಪ್ಲಸ್ ಗುರುತು ಇದೆಯಾ ನೋಡಿ. ಇದ್ದರೆ ಸೇವಾ ಶುಲ್ಕ ಮತ್ತು ತೆರಿಗೆ ಸೇರಿಲ್ಲ ಅಂತ ಅರ್ಥ. ಸೇವಾ ಶುಲ್ಕ ಕನಿಷ್ಠ ಶೇ. 10, ಕಾನೂನೇ ಹೇಳುತ್ತದೆ, ಆ ದುಡ್ಡು ನೌಕರರಿಗೆ ಹಂಚಬೇಕು. ಪ್ರವಾಸೋದ್ಯಮದ ಜಿಎಸ್‌ಟಿ 2023ರ ಜನವರಿಯಲ್ಲಿ ಶೇ. 12ರಿಂದ 16ಕ್ಕೆ ಏರಿತು, 2025ರ ಜುಲೈಯಿಂದ ಶೇ. 17. ಇದನ್ನು ಸೇವಾ ಶುಲ್ಕ ಸೇರಿಸಿದ ಮೊತ್ತದ ಮೇಲೆ ಹಾಕುತ್ತಾರೆ. ಅಂದರೆ 10 ಮತ್ತು 17 ಕೂಡಿ 27 ಅಲ್ಲ, 28.7. ಅದರ ಮೇಲೆ ಹಸಿರು ತೆರಿಗೆ. 2025ರ ಜನವರಿಯಿಂದ ರೆಸಾರ್ಟ್‌ಗಳಲ್ಲಿ ತಲೆಗೆ ದಿನಕ್ಕೆ 12 ಡಾಲರ್, ಮುಂಚೆ 6 ಇತ್ತು. ಎರಡು ವರ್ಷದೊಳಗಿನ ಮಕ್ಕಳಿಗೆ ಇಲ್ಲ.

ಒಂದು ಉದಾಹರಣೆ ಮಾಡೋಣ. ಗಂಡ ಹೆಂಡತಿ, ನಾಲ್ಕು ರಾತ್ರಿ, ರಾತ್ರಿಗೆ 300 ಡಾಲರ್ ಪ್ಲಸ್ ಪ್ಲಸ್. ಬರೀ ರೂಮಿಗೆ 1,200. ಸೇವಾ ಶುಲ್ಕ ಸೇರಿ 1,320. ತೆರಿಗೆ ಸೇರಿ 1,544. ಹಸಿರು ತೆರಿಗೆ 96, ಅಲ್ಲಿಗೆ 1,640. ಈಗ ಸೀಪ್ಲೇನ್. ಹೋಗಿಬರಲು ತಲೆಗೆ 450 ಅಂತ ಇಟ್ಟುಕೊಳ್ಳಿ, ದೂರದ ದ್ವೀಪಗಳಿಗೆ ಇದಕ್ಕಿಂತ ಜಾಸ್ತಿಯೂ ಇರುತ್ತದೆ. ಇಬ್ಬರಿಗೆ 900. ಒಟ್ಟು 2,540. ಇನ್ನೂ ಮಧ್ಯಾಹ್ನದ ಊಟವೇ ಆಗಿಲ್ಲ!

ಅದಕ್ಕೇ ನಾನು ಈಗ ರಾತ್ರಿಯ ರೇಟು ನೋಡುವುದೇ ಇಲ್ಲ. ಪ್ರತಿ ರೆಸಾರ್ಟ್‌ಗೂ ಒಂದೇ ಇಮೇಲ್ ಕಳಿಸುತ್ತೇನೆ. ಇಷ್ಟು ಜನ, ಇಷ್ಟು ರಾತ್ರಿ, ಇಂಥ ಊಟದ ಪ್ಲಾನು, ವಿಮಾನ ಇಳಿಯುವುದು ಹೊರಡುವುದು ಇಷ್ಟು ಗಂಟೆಗೆ, ಎಲ್ಲಾ ತೆರಿಗೆ ಮತ್ತು ಹೋಗಿಬರುವ ಖರ್ಚು ಸೇರಿ ಒಟ್ಟು ಎಷ್ಟು? ಬರುವ ಉತ್ತರಗಳನ್ನು ಪಕ್ಕಪಕ್ಕ ಇಟ್ಟರೆ ತಮಾಷೆ ಇರುತ್ತದೆ. ರಾತ್ರಿಗೆ 300 ಅಂದಿದ್ದ ದೂರದ ದ್ವೀಪಕ್ಕಿಂತ 420 ಅಂದಿದ್ದ ಹತ್ತಿರದ ದ್ವೀಪ ಎಷ್ಟೋ ಸಲ ಅಗ್ಗ ಬೀಳುತ್ತದೆ. ಅದೇ ಏಳೆಂಟು ರಾತ್ರಿ ಇರುವುದಾದರೆ ಲೆಕ್ಕ ತಿರುಗಿಬೀಳಬಹುದು, ಯಾಕೆಂದರೆ ಸೀಪ್ಲೇನ್ ಖರ್ಚು ಒಂದೇ ಸಲ. ನನ್ನ ಲೆಕ್ಕದಲ್ಲಿ ನಾಲ್ಕು ರಾತ್ರಿಯವರೆಗೆ ಸ್ಪೀಡ್‌ಬೋಟು, ಆರಕ್ಕಿಂತ ಜಾಸ್ತಿ ಇದ್ದರೆ ಸೀಪ್ಲೇನ್ ಬಗ್ಗೆ ಯೋಚಿಸಿ.

ಸೀಪ್ಲೇನ್ ಎಂಬ ಆಸೆ

ಒಮ್ಮೆ ಹತ್ತಲೇಬೇಕಾದ್ದು, ಅದರಲ್ಲಿ ಎರಡು ಮಾತಿಲ್ಲ. ಕೆಳಗೆ ನೀಲಿ ಬಟ್ಟೆಯ ಮೇಲೆ ಯಾರೋ ಹಾಲಿನ ಉಂಗುರಗಳನ್ನು ಚೆಲ್ಲಿದ ಹಾಗೆ ಕಾಣುತ್ತದೆ. ಟ್ವಿನ್ ಆಟರ್ ಎಂಬ ಚಿಕ್ಕ ವಿಮಾನ, ಹದಿನೈದರ ಆಸುಪಾಸು ಜನ, ಪೈಲಟ್‌ಗಳು ಎಷ್ಟೋ ಸಲ ಬರಿಗಾಲಲ್ಲಿ. ಆದರೆ ಇದು ಹಗಲಲ್ಲಿ ಮಾತ್ರ ಹಾರುತ್ತದೆ. ನಿಮ್ಮ ವಿಮಾನ ಮಧ್ಯಾಹ್ನ ಮೂರೂವರೆಯ ನಂತರ ಇಳಿದರೆ ಅವತ್ತು ಸೀಪ್ಲೇನ್ ಸಿಗುವುದು ಅನುಮಾನ. ವಾಪಸ್ ಬರುವಾಗಲೂ ಅಷ್ಟೇ, ಬೆಳಿಗ್ಗೆ ಒಂಬತ್ತಕ್ಕೆ ವಿಮಾನ ಇದ್ದರೆ ಹಿಂದಿನ ದಿನವೇ ಮಾಲೆಗೆ ಬಂದು ಬೀಳಬೇಕು. ಹಾಗಾಗಿ ವಿಮಾನದ ಟಿಕೆಟ್ ಮೊದಲು ತೆಗೆಯಬೇಡಿ. ಮೊದಲು ದ್ವೀಪ, ಆಮೇಲೆ ಅದಕ್ಕೆ ಹೊಂದುವ ವಿಮಾನ.

ಸಾಮಾನು 20 ಕಿಲೊ, ಕೈಚೀಲ 5 ಕಿಲೊ, ತೂಕ ಹಾಕಿಯೇ ಬಿಡುತ್ತಾರೆ. ಸೀಪ್ಲೇನ್‌ಗೆ ನಮ್ಮ ಹಾಗೆ ಟೈಮ್‌ಟೇಬಲ್ ಕೂಡ ಇರುವುದಿಲ್ಲ, ಯಾವ್ಯಾವ ದ್ವೀಪಕ್ಕೆ ಎಷ್ಟು ಜನ ಅಂತ ನೋಡಿ ಹೊಂದಿಸುತ್ತಾರೆ. ಒಂದೆರಡು ಗಂಟೆ ಕಾಯುವುದು, ದಾರಿಯಲ್ಲಿ ಇನ್ನೊಂದು ದ್ವೀಪದಲ್ಲಿ ಇಳಿದು ಏಳುವುದು ಎಲ್ಲಾ ಮಾಮೂಲು. ರಾತ್ರಿ ಇಳಿಯುವವರಿಗೆ ಮೂರನೇ ದಾರಿಯೊಂದಿದೆ, ಒಳನಾಡಿನ ವಿಮಾನ ಹಿಡಿದು ರೆಸಾರ್ಟ್‌ಗೆ ಹತ್ತಿರದ ಅಟಾಲ್‌ಗೆ (ಉಂಗುರದ ಹಾಗಿರುವ ಹವಳದ ದ್ವೀಪಗಳ ಗುಂಪು) ಹೋಗಿ, ಅಲ್ಲಿಂದ ಬೋಟು. ಕೇಳಿ ನೋಡಿ.

ದ್ವೀಪ ಆರಿಸುವಾಗ ನಾನು ಕೇಳುವ ಪ್ರಶ್ನೆಗಳು

ಮೊದಲನೆಯದು ಹೌಸ್ ರೀಫ್. ಅಂದರೆ ದಡದಿಂದಲೇ ಈಜಿ ಮುಟ್ಟಬಹುದಾದ ಹವಳದ ಗೋಡೆ. ಅದು ಇದ್ದರೆ ಬೆಳಿಗ್ಗೆ ಎದ್ದು ಮಾಸ್ಕ್ ಹಾಕಿಕೊಂಡು ಇಳಿದರೆ ಆಯಿತು, ಆಮೆ, ರೇ ಮೀನು, ಮರಿ ಶಾರ್ಕ್ ಎಲ್ಲಾ ಪುಕ್ಕಟೆ. ಇಲ್ಲದಿದ್ದರೆ ಪ್ರತಿ ಸಲ ಬೋಟಿಗೆ ದುಡ್ಡು. ಬಾರೋಸ್‌ನ ರೀಫಿಗೆ ಹಳೇ ಹೆಸರಿದೆ. ಕುರಮಾಥಿ ಇರುವ ರಸ್ಧೂ ಅಟಾಲ್ ಕಡೆ ಡೈವಿಂಗ್ ಮಾಡುವವರು ಸುತ್ತಿಗೆ ತಲೆಯ ಶಾರ್ಕ್ ನೋಡಲೆಂದೇ ಹೋಗುತ್ತಾರೆ. ಮರಳು ಸುರಿದು ಮಾಡಿದ ದ್ವೀಪಗಳಲ್ಲಿ ಇದನ್ನು ನಿರೀಕ್ಷಿಸಬೇಡಿ, ಅಲ್ಲಿ ನೀರು ನೀಲಿ, ಒಳಗೆ ಖಾಲಿ. ಒಂದು ಮಾತು, 1998 ಮತ್ತು 2016ರಲ್ಲಿ ಸಮುದ್ರ ಬಿಸಿಯೇರಿ ಹವಳ ಬಿಳಿಚಿ ಸತ್ತಿತ್ತು. ಹಾಗಾಗಿ ಹತ್ತು ವರ್ಷದ ಹಿಂದಿನ ಫೋಟೊ ನಂಬಬೇಡಿ, ಇತ್ತೀಚೆಗೆ ಹೋದವರು ನೀರೊಳಗೆ ತೆಗೆದ ಚಿತ್ರ ಹುಡುಕಿ.

ಎರಡನೆಯದು ದ್ವೀಪ ಎಷ್ಟು ದೊಡ್ಡದು. ಎಷ್ಟೋ ದ್ವೀಪಗಳನ್ನು ಕಾಲು ಗಂಟೆಯಲ್ಲಿ ಸುತ್ತಿ ಮುಗಿಸಬಹುದು. ಹೊಸ ಜೋಡಿಗೆ ಸರಿ, ಅವರಿಗೆ ಬೇರೆ ಏನು ಬೇಕು? ಮಕ್ಕಳನ್ನು ಅಥವಾ ವಾಕಿಂಗ್ ತಪ್ಪಿಸದ ಅಪ್ಪ ಅಮ್ಮನನ್ನು ಕರೆದೊಯ್ದರೆ ಮೂರನೇ ದಿನಕ್ಕೆ ಮುಖ ಸಪ್ಪಗಾಗುತ್ತದೆ. ಕುರಮಾಥಿ ಥರದ್ದು ಬೇರೆ, ಸುಮಾರು 1.8 ಕಿಲೋಮೀಟರ್ ಉದ್ದ, ದೊಡ್ಡ ಮರಗಳ ಕೆಳಗೆ ನಡೆಯುತ್ತಾ ಹೋಗಬಹುದು.

ಮೂರನೆಯದು ಹಳತಾ, ಹೊಸದಾ. ಹಳೇ ಕಂಪನಿಯ ದ್ವೀಪದಲ್ಲಿ ಮರ ಬೆಳೆದಿರುತ್ತವೆ, ನೆರಳು ಇರುತ್ತದೆ, ಇಪ್ಪತ್ತು ವರ್ಷದಿಂದ ಅಲ್ಲೇ ಇರುವ ನೌಕರರಿರುತ್ತಾರೆ, ವರ್ಷವರ್ಷವೂ ಬರುವ ಜರ್ಮನ್ ಅಜ್ಜ ಅಜ್ಜಿಯರಿರುತ್ತಾರೆ. ಹೊಸ ರೆಸಾರ್ಟ್‌ನಲ್ಲಿ ರೂಮು ದೊಡ್ಡದು, ಬಚ್ಚಲುಮನೆ ನಮ್ಮ ಹಾಲ್‌ನಷ್ಟಿರುತ್ತದೆ, ಆದರೆ ಎಳೇ ತೆಂಗಿನ ಗಿಡಗಳ ನಡುವೆ ಬಿಸಿಲು ಸುಡುತ್ತದೆ. ನನ್ನ ಓಟು ಹಳೆಯದಕ್ಕೆ. ಆದರೆ ಹಳೆಯದರಲ್ಲೂ ಕೊನೆಯ ದೊಡ್ಡ ರಿಪೇರಿ ಯಾವಾಗ ಆಯಿತು ಅಂತ ಕೇಳಲೇಬೇಕು. ಮಾಲೀಕರು ಒಬ್ಬರು, ನಡೆಸುವ ಬ್ರ್ಯಾಂಡ್ ಇನ್ನೊಬ್ಬರದ್ದು ಅನ್ನುವ ವ್ಯವಸ್ಥೆ ಅಲ್ಲಿ ಬಹಳ. ಐದಾರು ವರ್ಷದಲ್ಲಿ ಎರಡು ಸಲ ಹೆಸರು ಬದಲಿಸಿದ ರೆಸಾರ್ಟ್ ಕಂಡರೆ ನಾನು ಮುಂದೆ ಹೋಗುತ್ತೇನೆ.

ನೀರಿನ ಮೇಲಿನ ವಿಲ್ಲಾ ಬೇಕೇ ಬೇಕು ಅನ್ನುವವರಿಗೆ ಒಂದು ಉಪಾಯ. ಮೊದಲ ರಾತ್ರಿಗಳು ದಡದ ವಿಲ್ಲಾ, ಕೊನೆಯ ಒಂದೆರಡು ರಾತ್ರಿ ನೀರಿನ ವಿಲ್ಲಾ ಅಂತ ಒಡೆದು ಬುಕ್ ಮಾಡಿ. ಸಾಮಾನು ಅವರೇ ಸಾಗಿಸುತ್ತಾರೆ. ಚಿಕ್ಕ ಮಕ್ಕಳಿದ್ದರೆ ನೀರಿನ ವಿಲ್ಲಾ ಬೇಡವೇ ಬೇಡ, ಕೆಲವು ಕಡೆ ಅವರೇ ಕೊಡುವುದಿಲ್ಲ.

ಯಾವಾಗ ಹೋಗಬೇಕು

ಡಿಸೆಂಬರ್‌ನಿಂದ ಏಪ್ರಿಲ್ ಒಣ ಕಾಲ, ಅಲ್ಲಿಯವರು ಇರುವೈ ಅನ್ನುತ್ತಾರೆ. ಮೇಯಿಂದ ನವೆಂಬರ್ ಹುಳಂಗು, ಅಂದರೆ ನಮ್ಮ ಮುಂಗಾರು ಬರುವ ಅದೇ ಗಾಳಿ. ಒಣ ಕಾಲದ ರೂಮುಗಳನ್ನು ಯುರೋಪಿನ ಟೂರ್ ಕಂಪನಿಗಳು ಬಹಳ ಮುಂಚೆಯೇ ಹಿಡಿದಿರುತ್ತವೆ, ಆಗ ರೇಟು ಇಳಿಸುವ ಗರಜು ರೆಸಾರ್ಟ್‌ಗೆ ಇಲ್ಲ. ಕ್ರಿಸ್‌ಮಸ್, ಹೊಸ ವರ್ಷಕ್ಕೆ ಹೋದರೆ ಕಡ್ಡಾಯ ಔತಣದ ಊಟ ಅಂತ ನೂರಾರು ಡಾಲರ್ ಬೇರೆ ಸೇರಿಸುತ್ತಾರೆ. ಮಳೆಗಾಲದಲ್ಲಿ ಚೌಕಾಸಿಗೆ ಜಾಗ ಇದೆ. ಏಳು ರಾತ್ರಿಗೆ ಒಂದು ರಾತ್ರಿ ಪುಕ್ಕಟೆ, ಊಟದ ಪ್ಲಾನು ಮೇಲ್ದರ್ಜೆಗೆ, ಹೀಗೆ. ಮಳೆ ಅಂದರೆ ಮಲೆನಾಡಿನ ಹಾಗೆ ದಿನವಿಡೀ ಸುರಿಯುವುದಲ್ಲ, ಹೆಚ್ಚಾಗಿ ಬಂದು ಹೋಗುತ್ತದೆ, ಆದರೂ ಎರಡು ದಿನ ಬಿಡದೆ ಗಾಳಿ ಬೀಸುವ ಅದೃಷ್ಟವೂ ಇರಬಹುದು. ಮಾಂಟಾ ರೇ ಎಂಬ ದೊಡ್ಡ ಮೀನು ನೋಡಬೇಕಿದ್ದರೆ ಮಳೆಗಾಲವೇ ಸರಿ, ಬಾ ಅಟಾಲ್‌ನ ಹನಿಫಾರು ಕೊಲ್ಲಿಯಲ್ಲಿ ಜೂನ್‌ನಿಂದ ನವೆಂಬರ್‌ವರೆಗೆ ಅವು ಗುಂಪುಗುಂಪಾಗಿ ಬರುತ್ತವೆ.

ಊಟದ ಪ್ಲಾನು

ಬರೀ ಬೆಳಗಿನ ತಿಂಡಿಯ ಪ್ಲಾನು ತೆಗೆದುಕೊಂಡು 'ಹೊರಗೆ ತಿಂದರಾಯಿತು' ಅನ್ನಬೇಡಿ, ಹೊರಗೆ ಅಂದರೆ ಸಮುದ್ರ. ರಾತ್ರಿ ಊಟವೂ ಸೇರಿದ ಹಾಫ್ ಬೋರ್ಡ್ ನನಗೆ ಸರಿಹೋಗುತ್ತದೆ, ತಿಂಡಿ ತಡವಾಗಿ ಹೊಟ್ಟೆ ತುಂಬಾ ತಿಂದರೆ ಮಧ್ಯಾಹ್ನ ಏನೋ ಚೂರು ಸಾಕು. ಆದರೆ ಹಾಫ್ ಬೋರ್ಡಿನಲ್ಲಿ ರಾತ್ರಿ ಊಟದ ಜೊತೆಗಿನ ನೀರಿನ ಬಾಟಲಿಗೂ ದುಡ್ಡು ಹಾಕುವ ಜಾಗಗಳಿವೆ, ಮೊದಲೇ ಕೇಳಿ. ಕುಡಿಯುವವರಿಗೆ, ಮಕ್ಕಳಿರುವವರಿಗೆ ಊಟ, ಪಾನೀಯ ಎಲ್ಲಾ ಸೇರಿದ ಆಲ್ ಇನ್‌ಕ್ಲೂಸಿವ್ ಲಾಭ. ಸಸ್ಯಾಹಾರಿಗಳು ಹೆದರಬೇಕಿಲ್ಲ, ಅಡುಗೆಮನೆಯಲ್ಲಿ ಭಾರತದವರು ಇದ್ದೇ ಇರುತ್ತಾರೆ, ಆದರೆ ಒಂದು ವಾರ ಮುಂಚೆ ಇಮೇಲ್ ಹಾಕಿ. ಮೀನು ತಿನ್ನುವವರು ಒಂದು ಬೆಳಿಗ್ಗೆ ಮಸ್ ಹುನಿ ಕೇಳಿ ತಿನ್ನಿ. ಟ್ಯೂನಾ, ತೆಂಗಿನತುರಿ, ಈರುಳ್ಳಿ, ಮೆಣಸಿನಕಾಯಿ, ನಿಂಬೆ, ಜೊತೆಗೆ ತೆಳ್ಳಗಿನ ರೊಟ್ಟಿ. ಅದನ್ನು ಬಿಟ್ಟು ಕ್ರೊಸಾಂಟ್ ತಿನ್ನುವವರನ್ನು ಕಂಡರೆ ನನಗೆ ಪಾಪ ಅನ್ನಿಸುತ್ತದೆ.

ಹೊರಡುವ ಮುಂಚೆ, ಅಲ್ಲಿ ಇಳಿದ ಮೇಲೆ

ಭಾರತದ ಪಾಸ್‌ಪೋರ್ಟ್ ಇದ್ದವರಿಗೆ ಪ್ರವಾಸಕ್ಕೆ ಮುಂಚೆಯೇ ವೀಸಾ ಬೇಡ, ಇಳಿದ ಮೇಲೆ ಪುಕ್ಕಟೆ ಮುದ್ರೆ ಒತ್ತುತ್ತಾರೆ. ವಾಪಸ್ ಟಿಕೆಟ್, ರೂಮಿನ ಬುಕಿಂಗ್ ತೋರಿಸಲು ಸಿದ್ಧ ಇಟ್ಟುಕೊಳ್ಳಿ. ಪ್ರಯಾಣಕ್ಕೆ 96 ಗಂಟೆಯೊಳಗೆ ಐಮುಗಾ ಎಂಬ ಸರ್ಕಾರಿ ತಾಣದಲ್ಲಿ ಒಂದು ಫಾರ್ಮ್ ತುಂಬಬೇಕು, ಅದು ಪುಕ್ಕಟೆ. ದುಡ್ಡು ಕೇಳುವ ತಾಣ ಸಿಕ್ಕರೆ ಅದು ಸರ್ಕಾರದ್ದಲ್ಲ.

ಮದ್ಯದ ಬಾಟಲಿ ತರುವಂತಿಲ್ಲ, ವಿಮಾನ ನಿಲ್ದಾಣದ ಡ್ಯೂಟಿ ಫ್ರೀಯಲ್ಲಿ ಕೊಂಡದ್ದನ್ನೂ ಸ್ಕ್ಯಾನ್ ಮಾಡಿ ಹಿಡಿದಿಡುತ್ತಾರೆ, ಕುಡಿಯಲು ರೆಸಾರ್ಟ್ ಒಳಗೆ ಸಿಗುತ್ತದೆ. ಹಂದಿಮಾಂಸ, ವೇಪ್ (ಇ-ಸಿಗರೇಟು) ಕೂಡ ನಿಷೇಧ. ಇನ್ನೊಂದು ನಮ್ಮವರು ಮರೆಯುವುದು, ಪೂಜೆಯ ವಿಗ್ರಹ. ಅದಕ್ಕೂ ಅಲ್ಲಿನ ಕಸ್ಟಮ್ಸ್ ಬಿಡುವುದಿಲ್ಲ. ಮನೆದೇವರನ್ನು ಮನೆಯಲ್ಲೇ ಬಿಟ್ಟು ಹೋಗಿ.

ಮಾಲೆ ನಮಗಿಂತ ಅರ್ಧ ಗಂಟೆ ಹಿಂದೆ. ಆದರೆ ಹಲವು ರೆಸಾರ್ಟ್‌ಗಳು ಬೆಳಕು ಜಾಸ್ತಿ ಹೊತ್ತು ಸಿಗಲಿ ಅಂತ ತಮ್ಮ ಗಡಿಯಾರವನ್ನು ಒಂದು ಗಂಟೆ ಮುಂದೆ ಇಟ್ಟುಕೊಂಡಿರುತ್ತವೆ. ಬೋಟಿನ ಸಮಯ ಹೇಳಿದಾಗ ಅದು ಮಾಲೆ ಟೈಮಾ, ದ್ವೀಪದ ಟೈಮಾ ಅಂತ ಕೇಳಿಕೊಳ್ಳಿ. ನಗಬೇಡಿ, ಇದರಲ್ಲಿ ಎಡವಿದವರು ಬಹಳ.

ಇಷ್ಟೆಲ್ಲಾ ಓದಿ ಇದು ನಮ್ಮ ಜೇಬಿಗಲ್ಲ ಅನ್ನಿಸಿದರೆ ಮಾಫುಶಿಯಂಥ ಊರಿರುವ ದ್ವೀಪದಲ್ಲಿ ಗೆಸ್ಟ್‌ಹೌಸ್ ಹಿಡಿಯಿರಿ, ಒಂದು ದಿನ ಪಾಸ್ ತೆಗೆದುಕೊಂಡು ಹತ್ತಿರದ ರೆಸಾರ್ಟ್ ನೋಡಿ ಬನ್ನಿ. ಊರಿರುವ ದ್ವೀಪದಲ್ಲಿ ಬಾರ್ ಇಲ್ಲ, ಈಜುಡುಗೆಗೆ ಬೇರೆ ಬೀಚ್ ಗುರುತಿಸಿರುತ್ತಾರೆ, ಆದರೆ ಸಮುದ್ರ ಅದೇ.

ಹೊರಡುವ ಹಿಂದಿನ ಸಂಜೆಯೇ ಬಿಲ್ಲು ತರಿಸಿ ಸಾಲುಸಾಲು ನೋಡಿ, ಬೆಳಿಗ್ಗೆ ಬೋಟು ಕಾಯುವಾಗ ಯಾರಿಗೂ ವ್ಯವಧಾನ ಇರುವುದಿಲ್ಲ. ಸೀಪ್ಲೇನ್ ಎಷ್ಟು ಗಂಟೆಗೆ ಅಂತ ಗೊತ್ತಾಗುವುದೂ ಹೆಚ್ಚಾಗಿ ಆಗಲೇ. ರಾತ್ರಿ ವಿಮಾನ ಇದ್ದರೆ ಚೆಕ್‌ಔಟ್ ಆದ ಮೇಲೆ ಸ್ನಾನಕ್ಕೆ ರೂಮು ಕೊಡುತ್ತೀರಾ ಅಂತ ಕೇಳಿ, ಎಷ್ಟೋ ಕಡೆ ಪುಕ್ಕಟೆ ಕೊಡುತ್ತಾರೆ. ಹವಳದ ಚೂರು, ಆಮೆಚಿಪ್ಪು ಚೀಲಕ್ಕೆ ಹಾಕಬೇಡಿ, ಕಾನೂನು ಒಪ್ಪುವುದಿಲ್ಲ. ಒದ್ದೆ ಬಟ್ಟೆಯನ್ನು ಹಿಂದಿನ ರಾತ್ರಿಯೇ ಒಣಗಲು ಹಾಕಿ, ವಾಪಸ್ ಬರುವಾಗಲೂ ಆ 20 ಕಿಲೊ ತಕ್ಕಡಿ ಕಾದಿರುತ್ತದೆ.